ತುಂಬಿಯೇ ಉಳಿಯುತ್ತಿದ್ದ ಬಾಟಲಿ

ಅಂಕೋಲೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ಎಂಟನೆಯ ತರಗತಿಯ ಹುಡುಗನೊಬ್ಬನ ನೀರಿನ ಬಾಟಲಿ ಸಂಜೆ ಶಾಲೆ ಬಿಡುವಾಗಲೂ ತುಂಬಿಯೇ ಇರುತ್ತಿತ್ತು. ಕರಾವಳಿಯ ಮಾರ್ಚ್ ಸೆಕೆಯಲ್ಲಿ ನೀರು ಕುಡಿಯದೆ ಇರುವುದುಂಟೇ? ಮೆಲ್ಲಗೆ ವಿಚಾರಿಸಿದೆ. ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಅಲ್ಲಿ ದೊಡ್ಡ ಹುಡುಗರು ಕಾದಿರುತ್ತಾರೆ. ಅವನ ನಡಿಗೆ, ದನಿ ಅವರಿಗೆ ತಮಾಷೆ. ಯಕ್ಷಗಾನದ ಆಟ ನೋಡಿ ಬಂದವರು ಅವನಿಗೆ ‘ಬೃಹನ್ನಳೆ’ ಎಂದು ಹೆಸರಿಟ್ಟಿದ್ದರು.

ಮೊದಲು ಮಾಡಿದ್ದು ಪಾಠವಲ್ಲ. ಎಂಟನೆಯವರನ್ನು ಐದು ನಿಮಿಷ ಮುಂಚೆ ವಿರಾಮಕ್ಕೆ ಬಿಟ್ಟು, ನಾನು ಶೌಚಾಲಯದ ಹಾದಿಯಲ್ಲೇ ನಿಲ್ಲತೊಡಗಿದೆ.

ಎರಡು ವಾರ ಕಳೆದ ಮೇಲೆ ಆ ಹೆಸರನ್ನೇ ಹತ್ತನೆಯ ತರಗತಿಗೆ ಒಯ್ದೆ; ಹುಡುಗನ ಸುದ್ದಿ ಎತ್ತಲಿಲ್ಲ. ‘ಕೌರವರ ಸೇನೆ ಕಂಡು ರಥದಿಂದ ಹಾರಿ ಓಡಿದವರು ಯಾರು?’ ‘ಉತ್ತರಕುಮಾರ!’ ‘ಅವನನ್ನು ಹಿಡಿದು ತಂದವರು?’ ತರಗತಿ ಗಪ್‌ಚಿಪ್. ಕೊನೆಗೆ ಹಿಂದಿನ ಬೆಂಚಿನಿಂದ ಸಣ್ಣ ದನಿಯಲ್ಲಿ, ‘ಬೃಹನ್ನಳೆ.’

ಅಲ್ಲಿಗೇ ನಿಲ್ಲಿಸಬೇಕಿತ್ತು. ಉತ್ಸಾಹದಲ್ಲಿ ಯಕ್ಷಗಾನದ ಸ್ತ್ರೀವೇಷವನ್ನೂ ಇದೇ ಸಾಲಿಗೆ ಸೇರಿಸಿಬಿಟ್ಟೆ. ಹುಡುಗಿಯೊಬ್ಬಳು ಎದ್ದು ನಿಂತಳು: ‘ಅಕ್ಕೋರೇ, ನಮ್ಮ ಮಾವ ಸ್ತ್ರೀವೇಷ ಮಾಡುತ್ತಾರೆ. ಬೆಳಗಾದರೆ ಬಣ್ಣ ತೆಗೆದು ಗದ್ದೆಗೆ ಹೋಗುತ್ತಾರೆ. ಅದು ವೇಷ ಅಷ್ಟೇ.’ ಅವಳು ಹೇಳಿದ್ದೇ ಸರಿ. ಬೃಹನ್ನಳೆಯೂ ಅರ್ಜುನನ ಅಜ್ಞಾತವಾಸದ ವೇಷವೇ ತಾನೇ. ಮರುದಿನ ತಪ್ಪು ಒಪ್ಪಿಕೊಂಡು ಹಲಗೆಯ ಮೇಲೆ ಮೂರನ್ನು ಬೇರೆ ಬೇರೆ ಬರೆದೆ: ತೊಡುವ ವೇಷ, ತಾನು ಗಂಡೋ ಹೆಣ್ಣೋ ಬೇರೆಯೋ ಎಂಬ ಒಳಗಿನ ಅರಿವು, ಯಾರ ಮೇಲೆ ಮನಸ್ಸಾಗುತ್ತದೆ ಎಂಬುದು. ನಡಿಗೆ ನೋಡಿ ಇವುಗಳಲ್ಲಿ ಯಾವುದನ್ನೂ ಹೇಳಲಾಗದು ಎಂದೂ ಸೇರಿಸಿದೆ.

ಉಳಿದದ್ದನ್ನು ಸಮಾಜ ವಿಜ್ಞಾನದ ಮಾಸ್ತರು ಮೂಲಭೂತ ಹಕ್ಕುಗಳ ಪಾಠದಲ್ಲೇ ಹೇಳಿದರು. 2014ರಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗವನ್ನು ಮಾನ್ಯ ಮಾಡಿದ್ದು, 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದದ್ದು. ಮಕ್ಕಳಿಗೆ ತೀರ್ಪಿಗಿಂತ ಹಿಡಿಸಿದ್ದು ತೃತೀಯ ಲಿಂಗಿ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು ಪದ್ಮಶ್ರೀ ಸ್ವೀಕರಿಸುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ವಿಡಿಯೊ. ಮೂರು ಸಲ ಹಾಕಿಸಿಕೊಂಡು ನೋಡಿದರು.

ಪಾಲಕರ ಸಭೆಯಲ್ಲಿ ಒಬ್ಬರು ಕೇಳಿದರು: ‘ಅಕ್ಕೋರೇ, ಇದೆಲ್ಲ ಮಕ್ಕಳಿಗೆ ಯಾಕೆ ಬೇಕು?’ ‘ಇದಕ್ಕೆ ಸಂಬಂಧಿಸಿದ ಬೈಗುಳಗಳೆಲ್ಲ ಅವರಿಗೆ ಆಗಲೇ ಬಾಯಿಪಾಠವಾಗಿವೆ. ನಾವು ಅರ್ಥವನ್ನಷ್ಟೇ ಹೇಳುತ್ತಿದ್ದೇವೆ’ ಎಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಆದರೆ ಕುಳಿತುಕೊಂಡರು. ಹುಡುಗನ ವಿಷಯ ಅಲ್ಲಿಯೂ ಬಾಯಿ ಬಿಡಲಿಲ್ಲ. ಅವನು ಯಾರು, ಏನು ಎಂದು ನಾನು ಅವನನ್ನೂ ಕೇಳಿಲ್ಲ.

ಅದೇ ಸಭೆಯಲ್ಲಿ ಶೌಚಾಲಯದ ಬಾಗಿಲಿಗೆ ಒಳಚಿಲಕ ಹಾಕಿಸುವುದೆಂದು ಠರಾವಾಯಿತು. ಎರಡು ತಿಂಗಳು ಕಾದೆ. ಆಮೇಲೆ ಪೇಟೆಯಿಂದ ನಾನೇ ಚಿಲಕ ತಂದು, ಬಡಗಿಯನ್ನು ಕರೆಸಿ ಹಾಕಿಸಿದೆ.