ಟಿಪ್ಪಣಿ ಹಾಳೆ ಕೊಡುವುದಿಲ್ಲ ಅಂದಾಗ ನಾನು ಮಾಡಿದ್ದು

"ಕೋರಿರುವ ಮಾಹಿತಿಯು ಕಚೇರಿಯ ಆಂತರಿಕ ವಿಷಯವಾಗಿದ್ದು, ನೀಡಲು ಅವಕಾಶವಿರುವುದಿಲ್ಲ."

ನನ್ನ ಮಾಹಿತಿ ಹಕ್ಕಿನ ಅರ್ಜಿಗೆ ಬಂದ ಹಿಂಬರಹದಲ್ಲಿ, ಅಂದರೆ ಕಚೇರಿಯ ಲಿಖಿತ ಉತ್ತರದಲ್ಲಿ, ಇದ್ದದ್ದು ಇಷ್ಟೇ. ಕೆಳಗೆ ಒಂದು ಸಹಿ, ನೇರಳೆ ಶಾಯಿಯ ಮೊಹರು. ಜಗಲಿ ಮೇಲೆ ಕೂತು ಅದನ್ನು ಹತ್ತು ಸಲ ಓದಿದೆ. ಅದರಲ್ಲಿ ಏನೇನು ಬರೆಯದೆ ಬಿಟ್ಟಿದ್ದಾರೆ ಅಂತ ಗೊತ್ತಾಗಲು ಒಂದು ವಾರ ಬೇಕಾಯಿತು.

ನಮ್ಮದು ಶಿವಮೊಗ್ಗ ಜಿಲ್ಲೆಯ ಘಟ್ಟದ ಅಂಚಿನ ಊರು. ಊರ ಪಕ್ಕ ಒಂದು ಹಳ್ಳ, ಹಳ್ಳದಾಚೆ ಏಳು ಮನೆ. ಬೇಸಿಗೆಯಲ್ಲಿ ಪಾದ ನೆನೆಯುವಷ್ಟು ನೀರು. ಆರಿದ್ರ ಮಳೆ ಹಿಡಿಯಿತು ಅಂದರೆ ಹಳ್ಳ ಕೆಂಪಾಗಿ ಉಕ್ಕುತ್ತದೆ. ಆಗ ದಾಟಲು ಇರುವುದು ಅಡಿಕೆ ದಬ್ಬೆ ಜೋಡಿಸಿ ನಾವೇ ಕಟ್ಟಿಕೊಂಡ ಸಂಕ ಒಂದೇ. ಪಾಚಿ ಹಿಡಿದು ಜಾರುತ್ತದೆ. ಜೋರು ಮಳೆಯ ದಿನ ಆಚೆ ಮನೆಯ ಮಕ್ಕಳು ಶಾಲೆಗೆ ಬರುವುದೇ ಇಲ್ಲ. ಸಿಮೆಂಟಿನ ಕಾಲುಸಂಕ ಮಂಜೂರಾಗಿದೆ ಅಂತ ಸುದ್ದಿ ಬಂತು. ಇಂಜಿನಿಯರ್ ಬಂದು ಟೇಪ್ ಹಿಡಿದು ಅಳತೆಯನ್ನೂ ಮಾಡಿದರು. ಆಮೇಲೆ ಎರಡು ಮಳೆಗಾಲ ಕಳೆದರೂ ಒಂದು ಬುಟ್ಟಿ ಜಲ್ಲಿ ಬಂದು ಬೀಳಲಿಲ್ಲ.

ಮೊದಲ ಸಲ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದಾಗ ಎರಡು ಪುಟ ಬರೆದಿದ್ದೆ. ಕೆಲಸ ಯಾಕೆ ಶುರುವಾಗಲಿಲ್ಲ, ಯಾರ ತಪ್ಪು, ಮಕ್ಕಳಿಗೆ ಏನಾದರೂ ಆದರೆ ಯಾರು ಹೊಣೆ, ಹೀಗೆ ಮನಸ್ಸಿನಲ್ಲಿ ಇದ್ದದ್ದೆಲ್ಲ. "ಪ್ರಶ್ನೆಗಳಿಗೆ ಉತ್ತರಿಸಲು ಅವಕಾಶವಿಲ್ಲ" ಅಂತ ವಾಪಸ್ ಬಂತು. ನನಗೆ ತುಂಬಾ ಬೇಜಾರಾಯಿತು. ಆದರೆ ಆ ಉತ್ತರ ಕಾನೂನಿನ ಪ್ರಕಾರ ಸರಿಯಾಗೇ ಇತ್ತು. 'ಯಾಕೆ' ಎಂಬ ಪ್ರಶ್ನೆಗೆ ಕಾರಣ ಹುಡುಕಿ ಹೇಳುವುದು ಮಾಹಿತಿ ಅಧಿಕಾರಿಯ ಕೆಲಸ ಅಲ್ಲ ಅಂತ ಬಾಂಬೆ ಹೈಕೋರ್ಟಿನ ಗೋವಾ ಪೀಠ 2008ರಲ್ಲೇ ಹೇಳಿದೆ. ಕಚೇರಿಯಲ್ಲಿ ದಾಖಲೆಯಾಗಿ ಇರುವುದನ್ನು ಮಾತ್ರ ಅವರು ಕೊಡಬೇಕು. ಜೊತೆಗೆ ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು ಅಂತ ಇದೆ.

ದಾರಿ ತೋರಿಸಿದವರು ನಮ್ಮೂರಿನ ಹಿರಿಯರೊಬ್ಬರು. ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಿ ನಿವೃತ್ತರಾದವರು. "ಮಾಣಿ, ಯಾಕೆ ಅಂತ ಕೇಳಬೇಡ. ಕಾಗದದ ಹೆಸರು ಹೇಳಿ ಕೇಳು" ಅಂದರು. ಕಡತ ಅಂದರೆ ಎರಡು ಭಾಗ ಅಂತ ವಿವರಿಸಿದ್ದೂ ಅವರೇ. ಒಂದು, ಬಂದ ಹೋದ ಕಾಗದಗಳ ಪತ್ರ ವ್ಯವಹಾರ. ಇನ್ನೊಂದು ಟಿಪ್ಪಣಿ ಹಾಳೆ. ಕೇಸ್ ವರ್ಕರ್, ಅಂದರೆ ಆ ಕಡತ ನೋಡಿಕೊಳ್ಳುವ ಗುಮಾಸ್ತ, ಬರೆದು ಮೇಲೆ ಕಳಿಸಿದ್ದು, ಮೇಲಿನವರು ಒಪ್ಪಿದ್ದು ಅಥವಾ ಬೇಡ ಅಂದದ್ದು ಎಲ್ಲ ಅದರಲ್ಲೇ ಇರುತ್ತದೆ. ನನ್ನ ಎಲ್ಲ 'ಯಾಕೆ'ಗಳಿಗೂ ಉತ್ತರ ಇರುವ ಜಾಗ ಅದು.

ಎರಡನೇ ಅರ್ಜಿ ಆರೇ ಸಾಲು. ಇಂಥ ಹಳ್ಳದ ಕಾಲುಸಂಕ ಕಾಮಗಾರಿಯ ಕಡತದ ಟಿಪ್ಪಣಿ ಹಾಳೆ ಪೂರ್ತಿ, ಪತ್ರ ವ್ಯವಹಾರದ ಭಾಗ, ಅಂದಾಜು ಪಟ್ಟಿ, ಇವುಗಳ ದೃಢೀಕೃತ ನಕಲು. ಜೊತೆಗೆ ಕಡತ ಪರಿಶೀಲನೆಗೆ ಒಂದು ದಿನ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿದೆ. ಇಪ್ಪತ್ತೇಳನೇ ದಿನ ಬಂದದ್ದೇ ಆ 'ಆಂತರಿಕ ವಿಷಯ'ದ ಹಿಂಬರಹ.

ಈಗ ಅದರಲ್ಲಿ ಬಿಟ್ಟುಹೋದದ್ದಕ್ಕೆ ಬರುತ್ತೇನೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 7(8) ಪ್ರಕಾರ ಅರ್ಜಿ ತಿರಸ್ಕರಿಸುವವರು ಮೂರು ಸಂಗತಿ ಬರೆಯಲೇಬೇಕು. ತಿರಸ್ಕಾರಕ್ಕೆ ಕಾರಣ, ಮೇಲ್ಮನವಿಗೆ ಇರುವ ಅವಧಿ, ಮೇಲ್ಮನವಿ ಯಾರಿಗೆ ಎಂಬ ವಿವರ. ನನ್ನ ಹಿಂಬರಹದಲ್ಲಿ ಅವಧಿ ಇರಲಿಲ್ಲ, ವಿಳಾಸ ಇರಲಿಲ್ಲ. ಕಾರಣ ಅಂತ ಬರೆದಿದ್ದ ಮಾತು ಕಾಯ್ದೆಯಲ್ಲೇ ಇಲ್ಲ. ಸೆಕ್ಷನ್ 8(1)ರಲ್ಲಿ ಎ ಇಂದ ಜೆ ವರೆಗೆ ಹತ್ತು ವಿನಾಯಿತಿಗಳಿವೆ. ದೇಶದ ಭದ್ರತೆ, ವ್ಯಾಪಾರದ ಗುಟ್ಟು, ತನಿಖೆಗೆ ಅಡ್ಡಿ, ಸಚಿವ ಸಂಪುಟದ ಕಾಗದ, ವೈಯಕ್ತಿಕ ಮಾಹಿತಿ ಇತ್ಯಾದಿ. ಬೆರಳಿಟ್ಟು ಒಂದೊಂದೇ ಓದಿದೆ. 'ಆಂತರಿಕ' ಅನ್ನೋ ಪದ ಎಲ್ಲೂ ಸಿಗಲಿಲ್ಲ. ಇನ್ನು ಸೆಕ್ಷನ್ 2(ಎಫ್) 'ಮಾಹಿತಿ' ಅಂದರೆ ಏನು ಅಂತ ಹೇಳುವಾಗ ಅಭಿಪ್ರಾಯ, ಸಲಹೆ ಎರಡನ್ನೂ ಹೆಸರಿಸಿಯೇ ಸೇರಿಸಿದೆ. ಟಿಪ್ಪಣಿ ಹಾಳೆಯಲ್ಲಿ ಇರುವುದು ಅದೇ ಅಲ್ವಾ?

ಹಿಂಬರಹ ಬಂದ ಮೂವತ್ತು ದಿನದ ಒಳಗೆ ಮೊದಲ ಮೇಲ್ಮನವಿ ಹಾಕಬೇಕು. ಒಂದೇ ಪುಟದಲ್ಲಿ ಬರೆದೆ. ಹಳ್ಳದ ಕಷ್ಟ ಬರೆಯಲಿಲ್ಲ, ಬರೀ ಹಿಂಬರಹದ ಬಗ್ಗೆ ಬರೆದೆ.

ವಿಚಾರಣೆಯ ದಿನ ಮೇಲ್ಮನವಿ ಕೇಳುವ ಮೇಲಧಿಕಾರಿ ಮೊದಲು ಕೇಳಿದ್ದು, "ಇದನ್ನೆಲ್ಲ ತಗೊಂಡು ನೀವು ಏನ್ ಮಾಡ್ತೀರಿ?" ಅಂತ. ಕೋಪದಿಂದ ಕೇಳಿದ್ದಲ್ಲ. ಆದರೂ ಉತ್ತರ ಕೊಡುವ ಅಗತ್ಯ ನನಗಿರಲಿಲ್ಲ. ಅರ್ಜಿದಾರ ಕಾರಣ ಹೇಳಬೇಕಿಲ್ಲ ಅಂತ ಸೆಕ್ಷನ್ 6(2) ಹೇಳುತ್ತದೆ. "ಸರ್, ಕಾಯ್ದೆಯಲ್ಲಿ ಕಾರಣ ಕೇಳೋ ಹಾಗಿಲ್ಲ" ಅಂದೆ. ಧ್ವನಿ ನಡುಗುತ್ತಿತ್ತು. ಪಕ್ಕದಲ್ಲಿದ್ದ ಕೇಸ್ ವರ್ಕರ್, "ಟಿಪ್ಪಣಿ ಹಾಳೆ ಅಂದ್ರೆ ನಮ್ಮ ನಮ್ಮೊಳಗಿನ ಮಾತು ಸರ್, ಹೊರಗೆ ಕೊಟ್ಟರೆ ನಾಳೆ ಯಾರೂ ಧೈರ್ಯವಾಗಿ ಬರೆಯೋಲ್ಲ" ಅಂದರು. ಅವರ ಭಯ ನನಗೆ ಅರ್ಥವಾಯಿತು. ಆದರೆ ಸರಿಯಾಗಿ ಬರೆದ ಗುಮಾಸ್ತರನ್ನು ಕಾಪಾಡುವುದೂ ಅದೇ ಹಾಳೆ. ಕೇಂದ್ರ ಮಾಹಿತಿ ಆಯೋಗ 2006ರ ಜನವರಿಯಲ್ಲೇ ಸತ್ಯಪಾಲ್ ಮತ್ತು ಟಿಸಿಐಎಲ್ (ಕೇಂದ್ರ ಸರ್ಕಾರದ ಒಂದು ಕಂಪನಿ) ಪ್ರಕರಣದಲ್ಲಿ ಕಡತದ ಟಿಪ್ಪಣಿಯೂ ಮಾಹಿತಿಯೇ ಎಂದಿದೆ. ಅದೇ ವರ್ಷ ಟಿಪ್ಪಣಿಗಳನ್ನು ಕಾಯ್ದೆಯಿಂದ ಹೊರಗಿಡಲು ಕೇಂದ್ರ ಸರ್ಕಾರ ತಿದ್ದುಪಡಿ ತರಲು ಹೊರಟಿತ್ತು. ಜನರ ವಿರೋಧ ಬಂದು ಅದನ್ನು ಕೈಬಿಟ್ಟಿತು. ಇಷ್ಟನ್ನೂ ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ, ನೋಡಿಕೊಂಡೇ ಹೇಳಿದೆ.

ಆದೇಶ ಅರ್ಧ ನನ್ನ ಕಡೆ ಬಂತು. ಅಂದಾಜು ಪಟ್ಟಿ ಕೊಟ್ಟರು. ಟಿಪ್ಪಣಿ ಹಾಳೆಗೆ ಮಾತ್ರ ಹೊಸ ಕಾರಣ: ದೂರೊಂದರ ವಿಚಾರಣೆ ನಡೆಯುತ್ತಿದೆ, ಆದ್ದರಿಂದ 8(1)(ಎಚ್), ಅಂದರೆ ತನಿಖೆಗೆ ಅಡ್ಡಿ ಎಂಬ ವಿನಾಯಿತಿ. ಇದು ಬಹಳ ಜನರಿಗೆ ಬರುವ ಉತ್ತರ. ತನಿಖೆ ಇದೆ ಅಂದರೆ ಸಾಲದು, ಮಾಹಿತಿ ಕೊಟ್ಟರೆ ಆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆ ಅಂತ ಅಧಿಕಾರಿಯೇ ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲಿ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ನಿರಾಕರಿಸಿದ್ದು ಸರಿ ಅಂತ ಸಾಬೀತು ಮಾಡುವ ಹೊಣೆ ಅವರದ್ದೇ ಅಂತ ಸೆಕ್ಷನ್ 19(5) ಕೂಡ ಹೇಳುತ್ತದೆ. ತೊಂಬತ್ತು ದಿನದ ಒಳಗೆ ಬೆಂಗಳೂರಿನ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಹಾಕಿದೆ. ಆಮೇಲೆ ಕಾಯುವುದೇ ಕೆಲಸ. ಒಂದು ಅಡಿಕೆ ಕೊಯ್ಲು ಮುಗಿದು ಇನ್ನೊಂದು ಕೊಯ್ಲು ಬಂತು. ಕೊನೆಗೆ ಕಡತ ತೋರಿಸಿ, ನಕಲು ಉಚಿತವಾಗಿ ಕೊಡಿ ಅಂತ ಆದೇಶವಾಯಿತು.

ಪರಿಶೀಲನೆಗೆ ಆ ಹಿರಿಯರನ್ನೂ ಕರೆದುಕೊಂಡು ಹೋದೆ. ಒಬ್ಬರೇ ಹೋಗಬೇಡಿ, ಒಬ್ಬರು ಓದಿದರೆ ಇನ್ನೊಬ್ಬರು ಪುಟ ಸಂಖ್ಯೆ ಬರೆದುಕೊಳ್ಳಬೇಕು. ಹಸಿರು ಟ್ಯಾಗ್ ಹಾಕಿದ ಕಡತ, ಅಂಚೆಲ್ಲ ಮೆತ್ತಗಾಗಿತ್ತು. ಟಿಪ್ಪಣಿ ಹಾಳೆಯಲ್ಲಿ ಹದಿನಾಲ್ಕು ಕಂಡಿಕೆ. ಹನ್ನೊಂದನೆಯದರಲ್ಲಿ ಹೀಗಿತ್ತು: "ಸದರಿ ಸ್ಥಳದಲ್ಲಿ ಕಾಲುಸಂಕಕ್ಕೆ ಸ್ಥಳೀಯರ ಬೇಡಿಕೆ ಇಲ್ಲದಿರುವುದರಿಂದ ಕಾಮಗಾರಿಯನ್ನು ಬೇರೆ ಸ್ಥಳಕ್ಕೆ ಬದಲಾಯಿಸಬಹುದಾಗಿದೆ." ಹನ್ನೆರಡನೆಯದು ಒಂದೇ ಪದ, "ಅನುಮೋದಿಸಿದೆ."

ಹಿರಿಯರು ಏನೂ ಮಾತಾಡದೆ ಪತ್ರ ವ್ಯವಹಾರದ ಕಡೆ ತಿರುಗಿಸಿದರು. ಇಪ್ಪತ್ತಮೂರನೇ ಪುಟದಲ್ಲಿ ನಮ್ಮದೇ ಮನವಿ. ನಲವತ್ತೊಂದು ಜನರ ಸಹಿ. ಕೊನೆಯಲ್ಲಿ ಹಳ್ಳದಾಚೆ ಮನೆಯ ಅಜ್ಜಿಯ ಹೆಬ್ಬೆಟ್ಟು, ನೀಲಿ ಶಾಯಿ ಸ್ವಲ್ಪ ಹರಡಿತ್ತು. ಮೇಲೆ ಕಚೇರಿಯ ಸ್ವೀಕೃತಿ ಮೊಹರು. ಅದರ ತಾರೀಖು ಹನ್ನೊಂದನೇ ಕಂಡಿಕೆಗಿಂತ ನಾಲ್ಕು ತಿಂಗಳು ಹಿಂದಿನದು. ಬೇಡಿಕೆ ಇಲ್ಲ ಅಂತ ಬರೆದದ್ದೂ ನಮ್ಮ ಬೇಡಿಕೆಯೂ ಒಂದೇ ಟ್ಯಾಗಿನಲ್ಲಿ ಕೂತಿದ್ದವು. ನನ್ನ ಕಣ್ಣು ತುಂಬಿ ಬಂತು.

ಒಂದು ಮಾತು ಸೇರಿಸಬೇಕು. ಈಗ 8(1)(ಜೆ), ಅಂದರೆ ವೈಯಕ್ತಿಕ ಮಾಹಿತಿ, ಹೇಳಿ ನಿರಾಕರಿಸುವುದು ಜಾಸ್ತಿ ಆಗಬಹುದು ಅಂತ ನನಗೆ ಆತಂಕ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಆ ಉಪವಿಧಿಯಲ್ಲಿದ್ದ ಸಾರ್ವಜನಿಕ ಹಿತದ ಮಾತನ್ನು ತೆಗೆದುಹಾಕಿದೆ. ಆದರೆ ಸೆಕ್ಷನ್ 8(2) ಹಾಗೇ ಇದೆ. ಗುಟ್ಟು ಕಾಯುವುದಕ್ಕಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಅಂತ ಅದು ಹೇಳುತ್ತದೆ. ಯಾರದೋ ಹೆಸರು, ಫೋನ್ ನಂಬರ್ ಇದ್ದರೆ ಅಷ್ಟನ್ನು ಮುಚ್ಚಿ ಉಳಿದದ್ದು ಕೊಡಿ ಅಂತ ಸೆಕ್ಷನ್ 10ರಲ್ಲಿ ಕೇಳಬಹುದು. ನಾನು ಈಗ ಈ ಎರಡನ್ನೂ ಅರ್ಜಿಯಲ್ಲೇ ಬರೆದುಬಿಡುತ್ತೇನೆ.

ಹನ್ನೊಂದನೇ ಕಂಡಿಕೆಯ ಪುಟ, ನಮ್ಮ ಹಳೇ ಮನವಿಯ ಪುಟ ಎರಡನ್ನೂ ಪಕ್ಕಪಕ್ಕ ಇಟ್ಟು ಮೇಲಿನ ಕಚೇರಿಗೆ ಮನವಿ ಕೊಟ್ಟೆವು. ಹೊಸ ಅಂದಾಜು ಪಟ್ಟಿ ತಯಾರಾಗಿದೆ ಅಂತ ಹೇಳಿದ್ದಾರೆ. ಅದರ ಟಿಪ್ಪಣಿ ಹಾಳೆಗೂ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದ್ದೇನೆ. ಮೂವತ್ತು ದಿನ ಮುಗಿಯುವುದು ಆರಿದ್ರ ಮಳೆ ಹೊತ್ತಿಗೆ. ಅಷ್ಟರೊಳಗೆ ಹಳೇ ಸಂಕದ ದಬ್ಬೆ ಬದಲಾಯಿಸಬೇಕು.