ಅಂಗಿಯಡಿಯ ರಿವಾಲ್ವರ್: ಕೊಳ್ಳುವ ಮುನ್ನ ಏನು ನೋಡಬೇಕು?

ಸ್ವರಕ್ಷಣೆಗೆ ಯಾವ ಕೋವಿ ಒಳ್ಳೆಯದು ಎಂದು ಕೇಳುವವರು ಹೆಚ್ಚಾಗಿ ವಿದೇಶದ ವಿಡಿಯೊ ನೋಡಿಕೊಂಡೇ ಬಂದಿರುತ್ತಾರೆ. ಅಲ್ಲಿ ಹೊಗಳುವ 9 ಎಂಎಂ ಪಿಸ್ತೂಲ್ ನಮ್ಮಲ್ಲಿ ಜನಸಾಮಾನ್ಯರಿಗೆ ನಿಷಿದ್ಧ. ನಳಿಗೆಯ ಒಳ ಅಗಲ .38, .455 ಇಂಚಿನ ಕೈಕೋವಿಗಳೂ ಅಷ್ಟೇ. ನಮಗೆ ಸಿಗುವುದು ಮುಖ್ಯವಾಗಿ .32, ಇಲ್ಲವೇ .22. ಹಾಗಾಗಿ ಆ ವಿಡಿಯೊಗಳ ಪಟ್ಟಿಗಳನ್ನು ಬದಿಗಿಡಿ.

ತೋಟಕ್ಕೆ ಹಂದಿ ನುಗ್ಗುತ್ತದೆ ಎಂದು ರಿವಾಲ್ವರ್ ಕೇಳುವುದೂ ಬೇಡ. ಬೆಳೆ ರಕ್ಷಣೆಯ ಲೈಸೆನ್ಸೇ ಬೇರೆ, ಅದಕ್ಕೆ ಕೊಡುವ ಉದ್ದ ನಳಿಗೆಯ ಕೋವಿಯೇ ಬೇರೆ. ಇಲ್ಲಿ ಹೇಳುತ್ತಿರುವುದು ಜೀವಕ್ಕೆ ನಿಜವಾದ ಬೆದರಿಕೆ ಇರುವವರ ಬಗ್ಗೆ, ದಿನಾ ದೊಡ್ಡ ಮೊತ್ತದ ನಗದು ಅಥವಾ ಚಿನ್ನ ಒಯ್ಯುವವರ ಬಗ್ಗೆ.

ಮೊದಲು ಕಾಗದ

ಮಂಗಳೂರು ಪೊಲೀಸ್ ಕಮಿಷನರೇಟ್ ವ್ಯಾಪ್ತಿಯವರು ಕಮಿಷನರ್ ಕಚೇರಿಗೆ ಅರ್ಜಿ ಹಾಕಬೇಕು. ಅದರಾಚೆಯವರಿಗೆ ಜಿಲ್ಲಾಧಿಕಾರಿ ಕಚೇರಿ. ಉಡುಪಿಯವರಾದರೆ ಆ ಕಚೇರಿ ಇರುವ ಮಣಿಪಾಲದ ರಜತಾದ್ರಿ. ವಯಸ್ಸು 21 ತುಂಬಿರಬೇಕು. ಪೊಲೀಸ್ ವರದಿ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು. ಈ ತರಬೇತಿಯನ್ನು ಕಾಗದಕ್ಕಾಗಿ ಸುಮ್ನೆ ಮುಗಿಸಬೇಡಿ. ರಿವಾಲ್ವರ್, ಪಿಸ್ತೂಲ್ ಎರಡನ್ನೂ ಕೈಯಲ್ಲಿ ಹಿಡಿದು ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ 5 ವರ್ಷ.

ಲೈಸೆನ್ಸ್ ಬಂದ ಮೇಲೆ ಅದರ ಷರತ್ತುಗಳನ್ನು ಕೂತು ಓದಿ. ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ, ಶಾಲೆ-ಕಾಲೇಜಿನ ಆವರಣಕ್ಕೆ ವಿಶೇಷ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ. ನಮ್ಮೂರಲ್ಲಿ ನೇಮ, ಕಂಬಳ, ರಥೋತ್ಸವ ಇಲ್ಲದ ವಾರ ಎಷ್ಟಿದೆ ಹೇಳಿ? ಅಂಥ ದಿನ ಕೋವಿ ಮನೆಯಲ್ಲೇ ಬೀಗದೊಳಗೆ ಇರಬೇಕು. ಅಂದರೆ ಗಟ್ಟಿಯಾದ ಲಾಕರ್ ಖರ್ಚೂ ಇದರ ಜೊತೆಗೇ ಬರುತ್ತದೆ. ಇನ್ನೊಂದು ಮಾತು: ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ ಇದ್ದರೆ ಅದು ತಲಪಾಡಿಯ ಕೇರಳ ಗಡಿಯವರೆಗೆ ಅಷ್ಟೇ. ಕಾಸರಗೋಡಿಗೆ ದಿನಾ ಹೋಗಿಬರುವವರು ಇದನ್ನು ಮರೆಯಬಾರದು.

ರಿವಾಲ್ವರೋ ಪಿಸ್ತೂಲೋ

ರಿವಾಲ್ವರಿನ .32 ತೋಟೆ ಉದ್ದ, ‘ಸ್ಮಿತ್ ಆ್ಯಂಡ್ ವೆಸನ್ ಲಾಂಗ್’ ಎನ್ನುತ್ತಾರೆ. ಪಿಸ್ತೂಲಿನದ್ದು ಗಿಡ್ಡ, ‘ಎಸಿಪಿ’. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಹಾಗಾಗಿ ಕೋವಿ ಆರಿಸುವಾಗಲೇ ಅದರ ತೋಟೆ ನಿಮ್ಮ ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತದಾ ಎಂದು ಕೇಳಿಕೊಳ್ಳಿ.

ಪಿಸ್ತೂಲ್ ಚಪ್ಪಟೆ. ಅಂಗಿಯಡಿ ಚೆನ್ನಾಗಿ ಅಡಗುತ್ತದೆ. ಸರ್ಕಾರಿ ಕಾರ್ಖಾನೆಯ ‘ಅಶನಿ’ ಈ ಬಗೆಯದ್ದು. ಆದರೆ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತೆಗೆದ ಮೇಲೂ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ಖಾಲಿ ಇದೆ ಅಂದುಕೊಂಡು ಆಗುವ ಅವಘಡಗಳ ಮೂಲ ಇದೇ. ರಿವಾಲ್ವರಿನಲ್ಲಿ ಸಿಲಿಂಡರ್ (ಗುಂಡು ತುಂಬುವ ಉರುಳೆ) ತೆರೆದರೆ ಆರೂ ಮನೆ ಕಣ್ಣೆದುರೇ ಇರುತ್ತವೆ. ಒಂದು ತೋಟೆ ಸಿಡಿಯದಿದ್ದರೆ ಮತ್ತೆ ಟ್ರಿಗರ್ ಎಳೆದರಾಯಿತು, ಮುಂದಿನದು ಬರುತ್ತದೆ. ವಾರಕ್ಕೊಮ್ಮೆ ಅಭ್ಯಾಸ ಮಾಡಲು ಆಗದವರಿಗೆ ನಾನು ರಿವಾಲ್ವರನ್ನೇ ಹೇಳುತ್ತೇನೆ. ಸಿಲಿಂಡರ್ ಉಬ್ಬಿದ ಜಾಗ ಸೊಂಟದ ಬಳಿ ಸ್ವಲ್ಪ ಕಾಣಿಸೀತು, ಅಷ್ಟೇ.

ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹಳೆಯ .32 ರಿವಾಲ್ವರ್ ನಡುವೆ ಮಡಚಿ ತೆರೆಯುವಂಥದ್ದು. 2014ರಲ್ಲಿ ಬಂದ ‘ನಿರ್ಭೀಕ್’ ಸುಮಾರು ಅರ್ಧ ಕೆಜಿ. 2023ರಲ್ಲಿ ಬಂದ ‘ಪ್ರಬಲ್’ ಸುಮಾರು 700 ಗ್ರಾಂ. ಅದರ ಸಿಲಿಂಡರ್ ಬದಿಗೆ ತೆರೆಯುತ್ತದೆ. ‘ನಿಡರ್’ .22ರದ್ದು, ಬರೀ 250 ಗ್ರಾಂ. ಹಗುರವಾದದ್ದೇ ಒಳ್ಳೆಯದು ಎಂದು ಅನ್ನಿಸುತ್ತದೆ ಅಲ್ವಾ? ಒಂದೇ ತೋಟೆಯನ್ನು ಹಗುರ ಕೋವಿಯಲ್ಲಿ ಹೊಡೆದರೆ ಕೈಗೆ ಬರುವ ಒದೆತ ಜಾಸ್ತಿ. ಎರಡನ್ನೂ ರೇಂಜಿನಲ್ಲಿ ಹೊಡೆದು ನೋಡಿದ ಮೇಲೆಯೇ ತೀರ್ಮಾನಿಸಿ.

ಅಂಗಡಿಯಲ್ಲಿ

ಅಂಗಡಿಯವರು ಕೋವಿಯನ್ನು ತೆರೆದು, ಖಾಲಿ ಇದೆ ಎಂದು ತೋರಿಸಿದ ಮೇಲೆಯೇ ಕೈಗೆ ತೆಗೆದುಕೊಳ್ಳಿ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಸರಿಯಾಗಿ ಕೂರಬೇಕು. ಅಲ್ಲಿಗೆ ಎಟುಕಲು ಹಿಡಿತ ತಿರುಚಬೇಕಾದರೆ ಆ ಕೋವಿ ನಿಮ್ಮದಲ್ಲ. ಅಂಗಡಿಯವರ ಒಪ್ಪಿಗೆ ಪಡೆದು, ನಳಿಗೆಯನ್ನು ಅವರು ತೋರಿಸಿದ ದಿಕ್ಕಿಗೇ ಹಿಡಿದು, ಟ್ರಿಗರನ್ನು ನಿಧಾನ ಎಳೆಯಿರಿ. ಕಣ್ಣು ಮುಂದಿನ ಗುರಿಕಡ್ಡಿಯ ಮೇಲಿರಲಿ. ರಿವಾಲ್ವರಿನ ಟ್ರಿಗರ್ ಉದ್ದಕ್ಕೆ, ಬಿಗಿಯಾಗಿ ಬರುತ್ತದೆ. ಎಳೆಯುವಾಗ ಗುರಿಕಡ್ಡಿ ಪ್ರತಿ ಸಲ ಕೆಳಗೆ ಬಾಗಿದರೆ ಬೇರೊಂದು ನೋಡಿ. ಕೈಜಾರಿ ಬಿದ್ದರೆ ಗುಂಡು ಹಾರದಂತೆ ತಡೆ ಇದೆಯಾ ಎಂದೂ ಕೇಳಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇದನ್ನು ಕೇಳಲೇಬೇಕು.

ಚೀಲ ಮತ್ತು ಬೆಲ್ಟ್

2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಕೋವಿ ಹೋಲ್ಸ್ಟರ್‌ನಂಥ ಚೀಲದಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿರಬೇಕು. ಅಡಗಿಸಿಕೊಳ್ಳುವುದು ನಿಯಮವೇ ಕೇಳುವ ವಿಷಯ. ಸೊಂಟಕ್ಕೆ ಹೊರಗೆ ಕಾಣುವಂತೆ ಸಿಕ್ಕಿಸಿಕೊಂಡು ಓಡಾಡುವವರು ಇದನ್ನು ಓದಿರಲಿಕ್ಕಿಲ್ಲ.

ಪಂಚೆ ಉಡುವವರು ದಪ್ಪ ಬೆಲ್ಟ್ ಇಲ್ಲದೆ ಹೊರಡಬೇಡಿ. ಮುಕ್ಕಾಲು ಕೆಜಿ ಭಾರ ಸೊಂಟದ ಗಂಟಿನಲ್ಲಿ ನಿಲ್ಲುವುದಿಲ್ಲ. ದಿನಾ ಹಾಕುವ ತೆಳು ಅಂಗಿಯನ್ನೇ ಹಾಕಿ ಮನೆಯಲ್ಲಿ ಖಾಲಿ ಕೋವಿಯೊಂದಿಗೆ ಪರೀಕ್ಷೆ ಮಾಡಿ. ಬಗ್ಗಿ ಚಪ್ಪಲಿ ಹಾಕಿ. ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚಿ. ಅಂಗಿ ಮೇಲೇರಿತಾ ನೋಡಿ. ಸ್ಕೂಟರ್ ಮೇಲೆ ಕೂತು ನೋಡಿ. ಬೆನ್ನ ಹಿಂದೆ, ನಡುಮಧ್ಯೆ ಕಟ್ಟಬೇಡಿ. ಬೈಕಿನಿಂದ ಬಿದ್ದರೆ ಬೆನ್ನುಮೂಳೆಗೆ ಲೋಹವೇ ಬಡಿಯುತ್ತದೆ. ಟ್ರಿಗರನ್ನು ಪೂರ್ತಿ ಮುಚ್ಚುವ ಹೋಲ್ಸ್ಟರ್ ಮಾತ್ರ ಕೊಳ್ಳಿ.

ನಮ್ಮ ಸೆಕೆಗೆ ಚರ್ಮದ ಚೀಲ ಬೆವರು ಕುಡಿಯುತ್ತದೆ. ಉಪ್ಪುಗಾಳಿ ಬೇರೆ. ಕಪ್ಪು ಬಣ್ಣದ ಉಕ್ಕಿಗೆ ಮಳೆಗಾಲದಲ್ಲಿ ತುಕ್ಕು ಬೇಗ ಹತ್ತುತ್ತದೆ. ಮನೆಗೆ ಬಂದ ತಕ್ಷಣ ಗುಂಡು ತೆಗೆದು, ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ. ಚರ್ಮದ ಚೀಲದೊಳಗೇ ಬಿಡಬೇಡಿ. ಕೋವಿ ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ. ಮನೆಯಲ್ಲಿ ಮಕ್ಕಳಿದ್ದರೆ, ಅಥವಾ ಮನಸ್ಸು ಕುಗ್ಗಿದ ಯಾರಾದರೂ ಇದ್ದರೆ, ಕೀಲಿ ಎಲ್ಲಿದೆ ಎಂಬುದು ಅವರಿಗೆ ಗೊತ್ತಾಗಬಾರದು. ಅಂಥ ಮನೆಗೆ ಕೋವಿ ತರುವುದನ್ನೇ ಮುಂದೂಡಿದರೂ ತಪ್ಪಿಲ್ಲ.

ಚುನಾವಣೆ ಬಂದಾಗ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಅಂಗಡಿಯಲ್ಲಿ ಠೇವಣಿ ಇಡಲು ಆದೇಶ ಬರಬಹುದು. ವಾರಗಟ್ಟಲೆ ಅಲ್ಲೇ ಇರುತ್ತದೆ. ಎಣ್ಣೆ ಹಚ್ಚಿ ಕೊಡಿ, ನಂಬರ್ ಬರೆಸಿ ರಸೀದಿ ಪಡೆಯಿರಿ.