ಪ್ರೋಟಿಯಾಸೋಮಿನ ಹೊಟ್ಟೆ ಸೀಳಿ ತೋರಿಸಿದ್ದು

ವಿಜಯಪುರದ ಡಿಗ್ರಿ ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಅಣುಗಳನ್ನು ಹೆಪ್ಪುಗಟ್ಟಿಸಿ ನೋಡುವ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಎಲ್ಲಿಂದ ಬರಬೇಕು? ಆದರೆ ಅಂಥ ಯಂತ್ರಗಳಿಂದ ಸಿಕ್ಕ ರಚನೆಗಳು ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಪುಕ್ಕಟೆ ಸಿಗುತ್ತವೆ. 1971ರಿಂದ ನಡೆದುಬಂದ ಖಜಾನೆ ಅದು. ಆ ರಚನೆಗಳನ್ನು ಪರದೆಯ ಮೇಲೆ ತಿರುಗಿಸಿ ತೋರಿಸುವ ಕೈಮೆರಾಎಕ್ಸ್ ಸಾಫ್ಟ್‌ವೇರಿಗೂ ಪಾಠದ ಬಳಕೆಗೆ ದುಡ್ಡು ಕೊಡಬೇಕಿಲ್ಲ. ಇವೆರಡನ್ನು ಇಟ್ಟುಕೊಂಡು ಬಿಎಸ್ಸಿ ಹುಡುಗರಿಗೆ ನಾನು ಪ್ರೋಟಿಯಾಸೋಮ್ ತೋರಿಸುತ್ತೇನೆ. ಜೀವಕೋಶ ತನಗೆ ಬೇಡವಾದ ಪ್ರೋಟೀನುಗಳನ್ನು ತುಂಡರಿಸುವುದು ಇದರೊಳಗೇ.

ಎಲ್ಲರೂ ಪ್ರೋಟೀನು ಕಟ್ಟುವ ರೈಬೋಸೋಮಿನಿಂದ ಶುರುಮಾಡುತ್ತಾರೆ. ನನಗದು ಸರಿಬರಲಿಲ್ಲ, ಪರದೆ ತುಂಬ ಬರೀ ಸಿಕ್ಕು. ಪ್ರೋಟಿಯಾಸೋಮಿನ ನಡುವಿನ ಪೀಪಾಯಿಯಂಥ 20ಎಸ್ ಭಾಗದಲ್ಲಾದರೆ 28 ಪ್ರೋಟೀನ್ ಸರಪಳಿ, ಏಳೇಳರಂತೆ ನಾಲ್ಕು ಉಂಗುರ. ಹುಡುಗರು ಬೆರಳಿಟ್ಟು ಎಣಿಸಬಹುದು. ಉದ್ದ ಸುಮಾರು 15 ನ್ಯಾನೋಮೀಟರ್.

ನಾನು ತೆರೆಯುವುದು ಯೀಸ್ಟಿನದು, ಸ್ಫಟಿಕಕ್ಕೆ ಎಕ್ಸ್-ರೇ ಹಾಯಿಸಿ ಕಂಡುಕೊಂಡ ರಚನೆ; ಡೇಟಾ ಬ್ಯಾಂಕಿನಲ್ಲಿ ಅದರ ಗುರುತು 1997ರ 1ಆರ್‌ವೈಪಿ. 50 ಸಾವಿರದ ಹತ್ತಿರ ಪರಮಾಣು, ಹಳೇ ಲ್ಯಾಪ್‌ಟಾಪು ತಿರುಗಿಸಲು ತಿಣುಕುತ್ತದೆ. ಮೊದಲು ಪರಮಾಣುಗಳನ್ನೆಲ್ಲ ಮರೆಮಾಡಿ ಒರಟು ಮೇಲ್ಮೈ ಮಾತ್ರ ಉಳಿಸುತ್ತೇನೆ. ಎರಡೂ ತುದಿಯ ಆಲ್ಫಾ ಉಂಗುರಗಳಿಗೆ ಒಂದು ಬಣ್ಣ, ನಡುವಿನ ಬೀಟಾ ಉಂಗುರಗಳಿಗೆ ಇನ್ನೊಂದು. ಆಮೇಲೆ ಅಡ್ಡ ಸೀಳುವ ಕ್ಲಿಪ್ ಆಜ್ಞೆ ಕೊಟ್ಟು ಮುಂದಿನ ಅರ್ಧ ತೆಗೆದರೆ ಒಳಗಿನ ಟೊಳ್ಳು ಕಾಣುತ್ತದೆ.

“ಸರ್, ಇದು ಬೀಸೂ ಕಲ್ಲ ಆತಲ್ರಿ! ಮ್ಯಾಲ ಕಾಳ ಹಾಕಿದ್ರ ಒಳಗ ನುಚ್ಚ” ಅಂದ ಇಂಡಿ ಕಡೆಯ ಹುಡುಗ.

“ಖರೆ, ಆದರ ಇಲ್ಲಿ ಯಾವುದೂ ತಿರಗಂಗಿಲ್ಲೋ” ಅಂದೆ. ಕತ್ತರಿಸುವುದು ಗೋಡೆಯೇ. ಬೀಟಾ ಉಂಗುರದ ಏಳು ಸರಪಳಿಗಳಲ್ಲಿ ಬೀಟಾ-1, 2, 5ರ ತುದಿಯಲ್ಲಿರುವ ಅಮಿನೋ ಆಮ್ಲಗಳಾದ ಥ್ರಿಯೋನಿನ್‌ಗಳು ಒಳಮುಖವಾಗಿ ಕೂತಿವೆ, ಎರಡೂ ಉಂಗುರ ಸೇರಿ ಆರು ಕಡೆ. ಅವಕ್ಕೆ ಕೆಂಪು ಬಣ್ಣ ಕೊಟ್ಟೆ. ಮಲ್ಟಿಪಲ್ ಮೈಲೋಮಾ ಕ್ಯಾನ್ಸರಿಗೆ ಕೊಡುವ ಬೋರ್ಟೆಜೋಮಿಬ್ ಮುಖ್ಯವಾಗಿ ಹಿಡಿದು ನಿಲ್ಲಿಸುವುದು ಬೀಟಾ-5ನ್ನೇ ಎಂದಾಗ ಹಿಂದಿನ ಬೆಂಚೂ ಎದ್ದು ಕೂತಿತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ, ತುದಿಯಲ್ಲಿ ಪ್ರೋಟೀನು ಒಳಹೋಗುವ ಬಾಗಿಲು. ಪಕ್ಕದಲ್ಲೇ ಥರ್ಮೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯದ್ದು ತೆರೆಯಬೇಕು: 1ಪಿಎಂಎ, 1995ರದು. ಮೇಲಿನಿಂದ ನೋಡಿದರೆ ನಡುವೆ 1.3 ನ್ಯಾನೋಮೀಟರ್ ತೂತು. ಯೀಸ್ಟಿನದು ಮುಚ್ಚಿದೆ! ಹಾಗಾದರೆ ಥರ್ಮೋಪ್ಲಾಸ್ಮಾಕ್ಕೆ ಬಾಗಿಲೇ ಇಲ್ಲವೇ? ಇಲ್ಲೇ ಮೋಸಹೋಗುವುದು. ಬಾಗಿಲಿನ ಜಾಗದಲ್ಲಿರುವ, ಅದರ ಆಲ್ಫಾ ಸರಪಳಿಗಳ ಮೊದಲ 12 ಅಮಿನೋ ಆಮ್ಲಗಳು ಸ್ಫಟಿಕದಲ್ಲಿ ಒಂದು ಕಡೆ ನಿಲ್ಲದ್ದರಿಂದ ಮಾದರಿಯಲ್ಲಿ ಮೂಡಿಲ್ಲ. ಸೀಕ್ವೆನ್ಸ್, ಅಂದರೆ ಅಮಿನೋ ಆಮ್ಲಗಳ ಸಾಲು ತೆರೆದು ಮಾದರಿ ಎಷ್ಟನೇ ಸಂಖ್ಯೆಯಿಂದ ಶುರುವಾಗಿದೆ ಎಂದು ಹುಡುಗರ ಕೈಯಲ್ಲೇ ನೋಡಿಸಿ. ಯಾವ ರಚನೆಗಾದರೂ ನಾನು ಈಗ ಮೊದಲು ಮಾಡುವ ಕೆಲಸ ಇದೇ.

ಯೀಸ್ಟಿನಲ್ಲಿ ಬಾಗಿಲು ತೆಗೆಯುವುದು 20ಎಸ್‌ನ ತುದಿಗೆ ಕೂರುವ 19ಎಸ್ ಟೊಪ್ಪಿಗೆ. ಪ್ರೋಟೀನಿನ ಮಡಿಕೆ ಬಿಚ್ಚಿ ಒಳಗೆ ತಳ್ಳಲು ಅದಕ್ಕೆ ಎಟಿಪಿ, ಅಂದರೆ ಜೀವಕೋಶದ ಇಂಧನ ಬೇಕು. ಟೊಪ್ಪಿಗೆ ಸಮೇತ ತೆರೆಯುವುದಿದ್ದರೆ ಮೇಲ್ಮೈಯ ಗೊಡವೆ ಬಿಟ್ಟು ಸರಪಳಿಗಳನ್ನು ಪಟ್ಟಿಯಂತೆ ಬಿಡಿಸುವ ರಿಬ್ಬನ್ನಿನಲ್ಲೇ ನೋಡಿ, ಇಲ್ಲದಿದ್ದರೆ ನಮ್ಮ ಲ್ಯಾಬಿನ ಕಂಪ್ಯೂಟರುಗಳು ಅಲ್ಲೇ ಹ್ಯಾಂಗ್.